ಪೆಪ್ಪರಮೆಂಟಿನ ಡಬ್ಬಿ

ರಿಪ್ಪನ್‌ಪೇಟೆ
೧೮-೧೦-೧೯೬೩

ಯಮುನಾ,

ಪ್ರತಿಸಲ ‘ಆಶೀರ್ವಾದಗಳು’ ಎಂದು ಶುರುಮಾಡುತ್ತಿದ್ದೆ. ಇವತ್ತು ಹಾಗೆ ಬರೆಯಲು ನನಗೆ ಮುಖವಿಲ್ಲ.

ಮೇಳಿಗೆಯಿಂದ ನೀನು ಹಾಕಿದ ಕಾಗದ ನಿನ್ನೆ ಸೇರಿತು. ಹೆರಿಗೆಗೆಂದು ತವರಿಗೆ ಹೋದವಳು ನಿನ್ನ ಆರೋಗ್ಯದ ಬಗ್ಗೆ ಎರಡೇ ಸಾಲು ಬರೆದಿದ್ದೀಯ, ಉಳಿದದ್ದೆಲ್ಲ ಆ ಡಬ್ಬಿಯ ವಿಷಯ, ನನ್ನ ಹೊಗಳಿಕೆ. ನೀನು ತುಂಬಿಕೊಟ್ಟ ಡಬ್ಬಿಯಿಂದಲೇ ಕಾಡಿನಲ್ಲಿ ಇಬ್ಬರ ಜೀವ ಉಳಿಯಿತೆಂದು ಮಾವನವರು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರಂತೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರಿಗೆ ಹಾಗೆ ಹೇಳಿದವನು ನಾನೇ. ಅದು ಸುಳ್ಳು.

ನೀನು ತುಂಬಿಸಿದ್ದು ನನಗೆ ನೆನಪಿದೆ. ಮೇಣದ ಬಟ್ಟೆಯಲ್ಲಿ ಸುತ್ತಿದ ಬೆಂಕಿಕಡ್ಡಿ, ದಾರ ಪೋಣಿಸಿಟ್ಟ ಸೂಜಿ, ರಕ್ತ ಹೀರುವ ಉಂಬಳಕ್ಕೆ ಉಪ್ಪು-ಹೊಗೆಸೊಪ್ಪಿನ ಪುಟ್ಟ ಗಂಟು, ಗಾಯಕ್ಕೆ ನಿನ್ನ ಹಳೇ ಸೀರೆಯ ಪಟ್ಟಿ, ಚೂರು ಬೆಲ್ಲ. ಅಂಗಿಯ ಜೇಬಿನಷ್ಟಗಲದ ಪೆಪ್ಪರಮೆಂಟಿನ ಡಬ್ಬಿಯಲ್ಲಿ ನೀನು ಒಂದು ಸಂಸಾರವನ್ನೇ ಹಿಡಿಸಿದ್ದೆ. ರಸ್ತೆ ಸರ್ವೆಯ ಕ್ಯಾಂಪಿನಲ್ಲಿ ಅದನ್ನು ಕಂಡವರು, ‘ಸಾಹೇಬ್ರಿಗೆ ಹೆಂಡ್ತಿ ಬುತ್ತಿ ಕಟ್ಟಿ ಕಳ್ಸಿದ್ದಾಳೆ’ ಎಂದು ನಕ್ಕರು. ನನಗೆ ಅವಮಾನವಾಯಿತು. ಎಲ್ಲವನ್ನೂ ಟ್ರಂಕಿಗೆ ಹಾಕಿ, ಬಾಚಣಿಗೆ, ಕನ್ನಡಿ, ಸಿಗರೇಟು ತುಂಬಿಕೊಂಡೆ.

ಅವತ್ತು ಕಾಡಿಗೆ ಹೊರಡುವಾಗ, ಅಳತೆಯ ಚೈನು ಹಿಡಿಯುವ ಆಳು ಹುಲಿಯಪ್ಪ, ‘ಅಯ್ಯಾ, ನನ್ ಗಂಟು ತರ್ಲಾ? ಬೆಂಕಿಪೊಟ್ಣ ಅದ್ರಲ್ಲೇ ಇದೆ’ ಅಂದ. ಸುಮ್ಮನೆ ಹೊರೆ ಯಾಕೆ, ನನ್ನ ಡಬ್ಬಿಯಲ್ಲಿ ಎಲ್ಲ ಇದೆ ಎಂದು ಜೇಬು ತಟ್ಟಿ ತೋರಿಸಿದೆ.

ಮಧ್ಯಾಹ್ನ ಮಂಜು ಮುಸುಕಿ ದಾರಿ ತಪ್ಪಿತು. ಪೊದೆ ಕಡಿಯುತ್ತ ಮುಂದೆ ಹೋದ ಹುಲಿಯಪ್ಪ ಜಾರಿಬಿದ್ದ. ಕೈಯ ಕತ್ತಿ ಅವನ ಕಾಲಿಗೇ ನಾಟಿತು. ನನ್ನ ಅಂಗಿ ಹರಿದು ಕಟ್ಟಿದೆ. ಉಂಬಳಗಳು ಮುತ್ತಿಕೊಂಡವು. ಸಂಜೆ ಮಂಜು ಸರಿದಾಗ ಎದುರು ಗುಡ್ಡದಲ್ಲಿ ನಮ್ಮನ್ನು ಹುಡುಕುವವರ ಕೂಗು ಕೇಳಿತು. ‘ಹೊಗೆ ಹಾಕಿ ಅಯ್ಯಾ, ನೋಡ್ಕಂಡು ಬರ್ತಾರೆ’ ಅಂದ. ಡಬ್ಬಿ ತೆರೆದೆ. ಅವನು ಬಾಚಣಿಗೆ ನೋಡಿದ, ನನ್ನ ಮುಖ ನೋಡಿದ. ಗಂಟಲು ಬಿರಿಯುವಂತೆ ಕೂಗಿದೆ, ಗಾಳಿ ಅವರ ಕಡೆಯಿಂದ ಬೀಸುತ್ತಿತ್ತು, ಅವರಿಗೆ ಕೇಳಿಸಲಿಲ್ಲ. ನಾವು ಸಿಕ್ಕಿದ್ದು ಮರುದಿನ ಸಂಜೆ. ಅಷ್ಟರಲ್ಲಿ ಕಾಲು ಬಾತು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಅವನ ಹೆಂಡತಿ ಶಾಂತಮ್ಮ ಅಳುತ್ತ ನಿಂತಿದ್ದಳು. ಹುಲಿಯಪ್ಪ ಗೋಡೆಯ ಕಡೆ ನೋಡಿಕೊಂಡು, ‘ಅಯ್ಯನ ಡಬ್ಬಿ ಇತ್ತು ಕಣೆ, ಅದ್ಕೇ ಜೀವ ಉಳೀತು’ ಅಂದ. ಅವಳು ನನ್ನ ಕಾಲಿಗೆ ಬಿದ್ದಳು. ನಾನು ಸುಮ್ಮನಿದ್ದೆ. ನನ್ನ ಮಾನ ಉಳಿಸಲು ಅವನಾಡಿದ ಮಾತನ್ನೇ ಮಾವನವರ ಮುಂದೆ ಹೇಳಿ ಬಡಾಯಿ ಕೊಚ್ಚಿದೆ. ನಾಚಿಕೆಯಾಗುತ್ತದೆ ಯಮುನಾ.

ಭಾನುವಾರ ಹೋಗಿ ಶಾಂತಮ್ಮನಿಗೆ ನಿಜ ಹೇಳುತ್ತೇನೆ. ಈ ಕಾಗದವನ್ನು ಮಾವನವರಿಗೂ ಓದಿ ಹೇಳು.

ನಿನ್ನ ಹೊಗಳಿಕೆಗೆ ತಕ್ಕವನಲ್ಲದ,
ಶೇಷಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸಿಗರೇಟಿಗೆಂದು ಒಂದೇ ಒಂದು ಬೆಂಕಿಕಡ್ಡಿ ಡಬ್ಬಿಯಲ್ಲಿ ಉಳಿಸಿಕೊಂಡಿದ್ದೆ. ದಾರಿ ತಪ್ಪಿದೆವೆಂದು ತಿಳಿದಾಗ, ನಾನು ಹೆದರಿದ್ದು ಹುಲಿಯಪ್ಪನಿಗೆ ಗೊತ್ತಾಗಬಾರದೆಂದು, ಅವನ ಎದುರೇ ಅದನ್ನು ಗೀರಿ ಸಿಗರೇಟು ಹಚ್ಚಿದೆ. ಬೆಂಕಿ ಇದೆಯಲ್ಲ ಎಂಬ ಧೈರ್ಯದ ಮೇಲೆಯೇ ಅವನು ಕತ್ತಿ ಹಿಡಿದು ಮುಂದೆ ನಡೆದದ್ದು.