ಆಡಿ ಗಾಳಿಯಲ್ಲಿ ಹರಿಗೋಲು

ಭಾಮಾ ಅಮ್ಮನವರಿಗೆ, ಉಡುಮಲೈ ಹತ್ತಿರದ ಅಣೆಕಟ್ಟೆಯ ದಡದಿಂದ ಗೋಮತಿ ಮಾಡುವ ನಮಸ್ಕಾರ.

ನಿನ್ನೆಯೂ ಅದೇ ಕೆಟ್ಟ ಕನಸು. ನಿಮ್ಮ ಮಗ ನೀರಿನ ನಡುವೆ ಕೂಗುತ್ತಾರೆ, ನಾನು ದಡದ ಮೇಲೆ ಅತ್ತಿತ್ತ ಓಡುತ್ತೇನೆ. ನಾನು ಅರ್ಧಕ್ಕೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಮನ್ನಿಸಿ. "ಅಮ್ಮಂಗೆ ಹೇಳ್ಬೇಡಿ ಅಕ್ಕಾ" ಅಂದಿದ್ದರು ನಿಮ್ಮ ವಾದೀಶ. ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ. ಅವರ ಬ್ಯಾಗಿನ ಮೇಲಿದ್ದ ನಿಮ್ಮ ಹೆಸರು, ವಿಳಾಸ ನೋಡಿ ಬರೆಯುತ್ತಿದ್ದೇನೆ.

ಹೋದ ಭಾನುವಾರ ಅವರು ನಿಂತು ಓಡಿಸುವ ಹಾಯಿಹಲಗೆಯ ಕಂಬ ಮುರಿದು, ಗಾಳಿ ಅವರನ್ನು ಅಣೆಯ ನಡುನೀರಿಗೆ ತಳ್ಳಿಬಿಟ್ಟಿತು. ಆಡಿ ತಿಂಗಳ, ಅಂದರೆ ನಿಮ್ಮ ಆಷಾಢದ, ಗಾಳಿಗೆ ನಮ್ಮ ಕಡೆ ಯಾರೂ ಹರಿಗೋಲು ಇಳಿಸುವುದಿಲ್ಲ. ದಡದಲ್ಲಿ ಕವುಚಿ ಹಾಕಿ, ಅಡಿಯಲ್ಲಿ ಕೋಳಿ ಕೂಡಿಹಾಕುತ್ತೇವೆ. "ಕೋಳಿ ಓಡ್ಸು ಗೋಮತಿ, ಬಿರ್ನೆ!" ಎಂದು ನಮ್ಮ ಯಜಮಾನರು ಅದನ್ನೇ ನೀರಿಗೆ ಎಳೆದುಕೊಂಡು ಹೋದರು. ಇಬ್ಬರೂ ತಿರುಗಿ ಬರುವವರೆಗೆ ನಾನು ದಡದಲ್ಲೇ ನಿಂತಿದ್ದೆ. ಏನು ಮಾಡಲಿ, ನನಗೆ ಈಜು ಬಾರದು.

"ಸಾಮಿ, ಆಡಿ ಮುಗಿಯೋಗಂಟ ಈ ಕಡೆ ತಲೆ ಹಾಕ್ಬೇಡಿ" ಎಂದರು ಇವರು.

"ಬರೋ ಭಾನುವಾರ ಹೊಸ ಕಂಬ ತರ್ತೀನಣ್ಣಾ, ನೀವಿದ್ದೀರಲ್ಲ!" ಎಂದು ನಿಮ್ಮ ಮಗ ನಕ್ಕರು.

ಹುಟ್ಟು ಹಾಕಿ ಹಾಕಿ ಇವರ ಭುಜ ಉಳುಕಿದೆ, ತೋಳು ಎತ್ತಲಾಗದು. ಇನ್ನೊಂದು ಸಲ ಹೋಗಿ ಕರೆತರಲು ಇಲ್ಲಿ ಯಾರೂ ಇಲ್ಲ. ನೀವು ಬೇಡ ಎಂದರೆ ನಿಮ್ಮ ಮಗ ಕೇಳಬಹುದು. ಕೇಳದೆ ಹೊರಟೇಬಿಟ್ಟರೆ, ಅವರ ತೇಲುವ ಜಾಕೆಟ್ಟನ್ನು ನೋಡಿ. ಅದರ ಎದೆಯ ಕೊಕ್ಕೆ ಅಂದು ಕಿತ್ತುಬಂದು, ಇವರು ಹಗ್ಗ ಬಿಗಿದು ಕರೆತಂದಿದ್ದರು. ಸರಿ ಮಾಡಿಸಿದ್ದೇನೆ ಎಂದರೂ ನಂಬಬೇಡಿ ಅಮ್ಮಾ. ನೀವೇ ಕೈಯಿಂದ ಜಗ್ಗಿ ಇನ್ನೊಮ್ಮೆ ನೋಡಿ.

ಇಂತಿ,
ಗೋಮತಿ ಅಯ್ಯಾಸಾಮಿ