ಬಾವಿ ಬಿಟ್ಟುಕೊಟ್ಟ ಮೇಲೆ

ಮಾರ್ಚ್ ೯, ಸೋಮವಾರ.

ಎರಡು ಅಪಾರ್ಟ್‌ಮೆಂಟ್ ಕಟ್ಟಡಗಳ ನಡುವಿನ ಜಗಳದ ಬಾವಿಯನ್ನು ಎದುರು ಕಟ್ಟಡದವರು ನಮಗೇ ಬಿಟ್ಟುಕೊಟ್ಟಿದ್ದಾರೆ. ಸುದ್ದಿ ತಂದವನು ಕಾವಲುಗಾರ. ಅದನ್ನು ಕೇಳಿ ನಮ್ಮ ಸಂಘದ ಅಧ್ಯಕ್ಷರ ಮುಖ ಸಪ್ಪಗಾಯಿತಂತೆ.

ಆಗದೆ ಏನು. ಕೆಟ್ಟು ನಿಂತ ಲಿಫ್ಟಿನ ಬಗ್ಗೆ ಕೇಳಿದಾಗಲೆಲ್ಲ "ಮೊದ್ಲು ಬಾವಿ ಉಳಿಸ್ಕೊಳ್ಳೋಣ ಸಾರ್" ಎನ್ನುತ್ತಲೇ ಎರಡು ಚುನಾವಣೆ ಗೆದ್ದವರು ಅವರು. ಮಂಡಿನೋವಿನ ಅಮ್ಮ ನಾಲ್ಕನೇ ಮಹಡಿಯಿಂದ ಇಳಿದು ವರ್ಷವಾಯಿತು.

ಸುದ್ದಿ ಹೇಳಿದರೆ ಅಮ್ಮ ಪೇಪರಿನಿಂದ ತಲೆಯೆತ್ತಲಿಲ್ಲ. "ದೇಶ ಆಳೋರ ಕಷ್ಟಾನೂ ಇದೇ ಕಣೋ. ಪಕ್ಕದ ದೇಶದವ್ರು ಎಣ್ಣೆಬಾವಿ ಬಿಟ್ಟುಕೊಟ್ಬಿಟ್ರೆ, ಜನ ರಸ್ತೆ ಎಲ್ಲಿ ಅಂತ ಕೇಳ್ತಾರೆ. ಪಾಪ, ಏನ್ ಹೇಳ್ತಾರೆ?"

ಇನ್ನು ಲಿಫ್ಟ್ ರಿಪೇರಿ ಮಾಡಿಸದೆ ಅಧ್ಯಕ್ಷರಿಗೆ ವಿಧಿಯಿಲ್ಲ ಎಂದುಕೊಂಡು, ಅಮ್ಮನ ಚಪ್ಪಲಿಯ ಧೂಳು ಒರೆಸಿಟ್ಟೆ. ಊಟ ಮುಗಿಯುವಷ್ಟರಲ್ಲಿ ಅವರ ನೋಟಿಸ್ ಬಂತು.

ನಾಳೆ ಸಂಜೆ ಆರಕ್ಕೆ ತಾರಸಿಯಲ್ಲಿ ತುರ್ತು ಸಭೆ. ವಿಷಯ: ನಮ್ಮ ಕಾಂಪೌಂಡಿನ ಮರದ ನೆರಳನ್ನು ಎದುರಿನವರು ಬಳಸುತ್ತಿರುವುದು.