ಅಮಾತೆಪ್ಪನ ಅಂಗಿ

6 ಜನವರಿ 2025, ಸೋಮವಾರ

ಆರು ಬ್ಲೌಸಿಗೆ ಹುಕ್ಕು. ಎರಡು ಸೀರೆಗೆ ಫಾಲ್. ಹನ್ನೊಂದಕ್ಕೆ ಕರೆಂಟ್ ಹೋಯಿತು, ಮೂರಕ್ಕೆ ಬಂತು. ಅಲ್ಲಿಯವರೆಗೆ ಕಾಲಿನ ಮಷಿನ್. ಶಹಾಪುರದ ಗಿರಾಕಿ ಬಂದಿದ್ದಳು — ಬೆನ್ನಿಗೆ ನೆಟ್ ಬೇಕಂತೆ, ನೆಟ್ ಮೇಲೆ ನವಿಲು, ನವಿಲಿನ ಕಣ್ಣಿಗೆ ಹರಳು. ಹೊಲಿದುಕೊಡುತ್ತೇನೆ. ಕುರ್ಚಿಗೆ ಒರಗಿದಾಗ ಹರಳು ಚುಚ್ಚಿ ತನ್ನನ್ನೇ ಬೈದುಕೊಳ್ಳಲಿ.

ಬೂದು ಮೇಡಂ ಫೋನ್. ಬೆಂಗಳೂರಿನವಳು. ಒಳ್ಳೆಯ ಹೆಸರೇ ಇದೆ, ಆದರೆ ಎರಡು ಸಲ ಬಂದಾಗಲೂ ಬೂದಿ ಬಣ್ಣದ್ದೇ ಉಟ್ಟಿದ್ದಳು, ಹಾಗಾಗಿ ಬೂದು ಮೇಡಂ. ಬಣ್ಣ ಹಾಕದ, ಹೂವಿಲ್ಲದ, ಜರಿ ಇಲ್ಲದ ಬಟ್ಟೆಯನ್ನು ಶ್ರೀಮಂತ ಹೆಂಗಸರಿಗೆ ಮಾರುತ್ತಾಳೆ. ಒಂದು ಕೋಟ್ ಬೆಲೆಯಲ್ಲಿ ನಮ್ಮ ಕಡೆ ಒಂದು ಮದುವೆಯ ಹೊಲಿಗೆಯೆಲ್ಲ ಮುಗಿಯುತ್ತದೆ. ಭೂಮಿಗೆ ಭಾರವಾಗದ ಬಟ್ಟೆಯಂತೆ. ಪರ್ಸಿಗೆ ಭಾರ ಆಗಬಹುದು, ಪರವಾಗಿಲ್ಲ.

ಅವಳಿಗೆ ಹೊಲಿದ ಕೋಟಿನ ಸ್ಯಾಂಪಲ್ ಮೂರನೇ ಸಲ ವಾಪಸ್. ಒಗೆದ ಮೇಲೆ ತಿರುಚಿಕೊಂಡು ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬರುತ್ತಿದೆಯಂತೆ. “ಕೈಮಗ್ಗದ ಬಟ್ಟೆಗೂ ನೆನಪಿರುತ್ತೆ ರೇವತಿ. ಅದನ್ನ ಸ್ವಲ್ಪ ಕೇಳಿಸ್ಕೊಳ್ಳಿ” ಅಂದಳು. ಬಟ್ಟೆಗೆ ನೆನಪು! ನನ್ನ ಗಂಡನಿಗೇ ಇಲ್ಲ.

ನಗುವ ಹಾಗೂ ಇಲ್ಲ. ಸ್ಯಾಂಪಲ್ ಪಾಸಾದರೆ ನಲವತ್ತು ಕೋಟಿನ ಆರ್ಡರ್. ಈ ಸುರಪುರಕ್ಕೆ ಬಂದು ಹದಿನಾರು ವರ್ಷ — ನಾನು ‘ದೇವಿಂದ್ರನ ಹೆಂಡ್ತಿ, ಬ್ಲೌಸ್ ಹೊಲಿತಾಳಲ್ಲ, ಆಕಿ.’ ಯಾದಗಿರಿಗೆ ಆರು ತಿಂಗಳು ಬಸ್ಸಿನಲ್ಲಿ ನಿಂತು ಹೋಗಿ ಡಿಪ್ಲೊಮಾ ಮಾಡಿದ್ದು ಇದಕ್ಕಲ್ಲ. ನನ್ನ ಹೆಸರು ಒಂದು ಸಲ ಎಲ್ಲಾದರೂ ಬರಬೇಕು.

9 ಜನವರಿ, ಗುರುವಾರ

ಮೇಡಂ ತಾನೇ ಬಂದಳು. ಡ್ರೈವರ್ ಕಾರು ಬಂದ್ ಮಾಡದೆ ಎ.ಸಿ. ಹಾಕಿಕೊಂಡು ಎರಡು ತಾಸು ಬೀದಿಯಲ್ಲೇ ಕೂತಿದ್ದ. ಒಳಗೆ ಮೇಡಂ ನನಗೆ ಗಾಳಿ ಹೇಗೆ ಕೆಡುತ್ತದೆ ಅಂತ ಹೇಳುತ್ತಿದ್ದಳು.

ಒಂದು ಫಾರಂ ತುಂಬಿಸಿದಳು. ಒಂದು ಬಟ್ಟೆಗೆ ಎಷ್ಟು ನೀರು ಬಳಸುತ್ತೀರಿ? ನಲ್ಲಿ ಬರುವುದೇ ನಾಲ್ಕು ದಿನಕ್ಕೊಮ್ಮೆ ಅಂದೆ. ‘ಅತಿ ಕಡಿಮೆ’ ಅಂತ ಗುರುತು ಹಾಕಿದಳು. ವಿದ್ಯುತ್? ಇದ್ದರೆ ತಾನೇ. ಅದಕ್ಕೂ ‘ಅತಿ ಕಡಿಮೆ.’ ನಮ್ಮ ಮುನಿಸಿಪಾಲ್ಟಿಯವರು ಭೂಮಿ ಉಳಿಸುತ್ತಿದ್ದಾರೆ, ನಮಗೇ ಗೊತ್ತಿರಲಿಲ್ಲ.

ಆಮೇಲೆ ಗೋಡೆ ನೋಡಿದಳು. ಮೊಳೆಗೆ ಮಾವನ ಅಂಗಿ ತೂಗುಹಾಕಿತ್ತು. ಮಾವ ಅಮಾತೆಪ್ಪ ತೀರಿಕೊಂಡು ಹನ್ನೆರಡು ವರ್ಷ. ಚಳಿಗೆ ಅತ್ತೆ ಅದನ್ನು ಸೀರೆಯ ಮೇಲೆ ಹಾಕಿಕೊಳ್ಳುತ್ತಾಳೆ. ಮುದುಕಿ ಆಗ ಹಿತ್ತಲಲ್ಲಿದ್ದಳು. ಮೇಡಂ ಅಂಗಿ ಇಳಿಸಿ, ಒಳಗೆ ಹೊರಗೆ ತಿರುವಿ, ಕೂತೇಬಿಟ್ಟಳು. ಮೈಗೆ ಎರಡು ಉದ್ದ ತುಂಡು, ತೋಳಿಗೆ ಎರಡು, ಕಂಕುಳಲ್ಲಿ ಒಂದೊಂದು ಚೌಕ. ಎಲ್ಲೂ ದುಂಡಗೆ ಕತ್ತರಿಸಿಲ್ಲ. ಒಂದು ಬೆರಳಗಲ ಬಟ್ಟೆ ಹಾಳಾಗಿಲ್ಲ.

“ಝೀರೋ ವೇಸ್ಟ್” ಅಂದಳು, ದೇವರ ಮುಂದೆ ನಿಂತವಳ ಹಾಗೆ. “ನನ್ನ ಕೋಟ್ ಇದೇ. ಇದನ್ನೇ ಉದ್ದ ಮಾಡಿ. ಯಾರು ಹೊಲಿದಿದ್ದು? ನೀವಾ?”

ನಮ್ಮ ಮನೆಯಲ್ಲೇ ಹೊಲಿದಿದ್ದು ಅಂದೆ. ಸುಳ್ಳಲ್ಲ. ಮತ್ತೊಮ್ಮೆ “ನೀವೇ ಅಲ್ವಾ?” ಅಂದಳು. ತಲೆ ಆಡಿಸಿದೆ. ಹೌದೋ ಅಲ್ಲವೋ ಅನ್ನುವುದನ್ನು ಅವಳಿಗೇ ಬಿಟ್ಟೆ.

ಅದೇ ದಿನ, ಸಂಜೆ

ಮುದುಕಿಯನ್ನು ಕೇಳಬೇಕಾಯಿತು. ಕೇಳುವುದು ನನಗೆ ಆಗಿಬರುವುದಿಲ್ಲ. ಓದು ಬಾರದ, ಟೇಪ್ ಹಿಡಿಯಲು ಬಾರದ, ಗೇಣು ಮೊಳದಲ್ಲಿ ಅಳೆಯುವ ಹೆಂಗಸು. ಅವಳು ಬಟ್ಟೆ ಹರಿಯುವ ಸದ್ದು ಕೇಳಿದರೆ ಹದಿನಾರು ವರ್ಷದಿಂದ ನನ್ನ ಹಲ್ಲು ಜುಮ್ಮೆನ್ನುತ್ತದೆ.

“ಅತ್ತಿ, ಮಾವನ ಅಂಗಿ ಹ್ಯಾಂಗ ಹೊಲದಿದ್ರಿ?”

“ಮೊದಲ ಆ ಕತ್ತರಿ ಒಳಗಿಡು” ಅಂದಳು ಅತ್ತೆ ಲಾಲಮ್ಮ. “ಕತ್ತರಿ ನಿನ್ನ ಮಾತು ಕೇಳ್ತೈತಿ. ಬಟ್ಟಿ ಮಾತು ಕೇಳಂಗಿಲ್ಲ.”

ಬಟ್ಟೆಯ ಅಂಚಿನಿಂದ ಒಂದೇ ಒಂದು ಎಳೆ ಹಿಡಿದು ಎಳೆದಳು. ಅದು ಕೊನೆಯವರೆಗೆ ಬಂತು. ಅದು ಬಿಟ್ಟ ದಾರಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಎರಡೂ ಕೈಯಲ್ಲಿ ಹರಿದಳು. ಪರ್ರ್ — ಒಂದೇ ಉಸಿರಿಗೆ ಮೂರು ಮೊಳ, ಎಲ್ಲೂ ನಿಲ್ಲದೆ.

ಈಗ ಅರ್ಥವಾಯಿತು. ಕೈಮಗ್ಗದ ಎಳೆ ಸೊಟ್ಟ ಇರುತ್ತದೆ. ಅಳತೆಯ ಪೇಪರ್ ಇಟ್ಟು ನಾನು ಕತ್ತರಿಸಿದರೆ ಕಣ್ಣಿಗೆ ನೇರ, ಒಗೆದ ಕೂಡಲೇ ಎಳೆ ತನ್ನ ದಾರಿ ಹಿಡಿಯುತ್ತದೆ. ಹರಿದರೆ ಎಳೆಯ ದಾರಿಯಲ್ಲೇ ಹರಿಯುತ್ತದೆ. ಡಿಪ್ಲೊಮಾದಲ್ಲಿ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಇವಳ ಮುಂದೆ ಕೂರುವುದು ತಪ್ಪುತ್ತಿತ್ತು.

18 ಜನವರಿ, ಶನಿವಾರ

ಅತ್ತೆ ಹರಿದಳು, ನಾನು ಹೊಲಿದೆ. ಮೂರು ಸಲ ಒಗೆದೆ. ನೆಟ್ಟಗೆ ನೇತಾಡುತ್ತಿದೆ.

ಪಾಸ್.

ನಲವತ್ತು ಕೋಟ್. ಬಟ್ಟೆ ರೈಲಿನಲ್ಲಿ ಯಾದಗಿರಿಗೆ ಬರುತ್ತದೆ, ಗುಂಡಿ ತೆಂಗಿನ ಚಿಪ್ಪಿನದು. ಪಾಲಿಯೆಸ್ಟರ್ ದಾರ ಮುಟ್ಟುವಂತಿಲ್ಲ. ಕೋಟ್ ಸತ್ತ ಮೇಲೆ ಮಣ್ಣಲ್ಲಿ ಮಣ್ಣಾಗಬೇಕಂತೆ. ಕಾಟನ್ ದಾರ ಮಷಿನ್‌ನಲ್ಲಿ ಹತ್ತು ಹೊಲಿಗೆಗೊಮ್ಮೆ ಹರಿಯುತ್ತದೆ. ಅಷ್ಟರಲ್ಲಿ ನಾನೇ ಮಣ್ಣಾಗುತ್ತೇನೆ.

ಕೋಟ್‌ಗೆ ಮೇಡಂ ಹೆಸರೂ ಇಟ್ಟಿದ್ದಾಳೆ — ‘ನದಿಪಾತ್ರ.’ ಹೊಲದಲ್ಲಿ ಬೆವರಿ, ಬೀಡಿಯಿಂದ ಎರಡು ತೂತು ಬಿದ್ದ ಅಮಾತೆಪ್ಪನ ಅಂಗಿ ಈಗ ನದಿಪಾತ್ರ.

2 ಫೆಬ್ರವರಿ, ಭಾನುವಾರ

ಕೋಟಿನ ಕೊರಳಿಗೆ ಹೊಲಿಯುವ ಪಟ್ಟಿಗಳು ಬಂದಿವೆ. ಬಿಳಿ ಲಾಡಿಯ ಹಾಗಿನ ಖಾಲಿ ಪಟ್ಟಿ, ಜೊತೆಗೆ ಅಳಿಸದ ಶಾಯಿಯ ಪೆನ್. ಕಂಪನಿಯ ಹೆಸರಿಲ್ಲ, ಸೈಜ್ ಇಲ್ಲ. ಮಾಡಿದವರ ಹೆಸರು ಮಾತ್ರ, ಕನ್ನಡದಲ್ಲಿ, ಕೈಯಿಂದ ಬರೆಯಬೇಕು. “ಇದೇ ನಮ್ಮ ಐಷಾರಾಮ, ರೇವತಿ. ತೊಟ್ಟವರಿಗೆ ಮಾಡಿದ ಕೈ ಯಾರದು ಅಂತ ಗೊತ್ತಾಗ್ಬೇಕು” ಅಂದಳು ಮೇಡಂ ಫೋನಿನಲ್ಲಿ.

ಒಂದು ಪಟ್ಟಿ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ.

ಹರಿಯುವವಳು ಅತ್ತೆ. ಗುಂಡಿಗೆ ಕಾಜಾ ಹಾಕುವವಳು ಪಕ್ಕದ ಮನೆಯ ಗುಲ್ನಾಜ್. ಹೊಲಿಯುವವಳು ನಾನು. ಆರ್ಡರ್ ತಂದವಳು ನಾನು, ಬೈಗುಳ ತಿಂದವಳು ನಾನು. ಹರಿಯುವುದೂ ಒಂದು ಕೆಲಸವೇ? ನಾಯಿಯೂ ಹರಿಯುತ್ತದೆ.

ಬರೆದೆ. ‘ರೇವತಿ.’ ಚೆನ್ನಾಗಿ ಕಾಣಿಸಿತು. ನಲವತ್ತು ಸಲ ಬರೆದೆ.

11 ಫೆಬ್ರವರಿ, ಮಂಗಳವಾರ

ಪಟ್ಟಿ ಹೊಲಿಯುವ ಕೆಲಸ ಮುದುಕಿಯೇ ಕೇಳಿ ಹಿಡಿದುಕೊಂಡಳು. ಕೈಹೊಲಿಗೆ. ಹೊಸಿಲಲ್ಲಿ, ಬೆಳಕಿನಲ್ಲಿ ಕೂತು.

“ಏನ್ ಬರದೀಯವಾ ಇದರಾಗ?”

ಬಾಯಿಗೆ ಬಂದದ್ದು ಹೇಳಿದೆ. “ಒಗಿಯೋದು ಹ್ಯಾಂಗಂತ ಬರದೈತ್ರಿ ಅತ್ತಿ.”

“ಚಲೋ ಮಾಡಿದಿ” ಅಂದಳು. “ಬಿಸಿನೀರಿಗಿ ಹಾಕಿ ಹಾಳ ಮಾಡ್ತಾವ ಆ ಪ್ಯಾಟಿ ಹೆಣ್ಮಕ್ಳು. ಗಟ್ಟಿ ಹೊಲಿತೀನಿ ತಡಿ, ಕಿತ್ತು ಬರಬಾರದು.”

ಸಣ್ಣ ಸಣ್ಣ ಹೊಲಿಗೆ, ಇರುವೆ ಸಾಲು ಹೋದ ಹಾಗೆ. ನಾಲ್ಕೂ ಮೂಲೆಗೆ ಎರಡೆರಡು ಸಲ. ಒಂದೊಂದು ಮುಗಿದಾಗಲೂ ನನ್ನ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡುತ್ತಿದ್ದಳು, ಕೂತಿದೆಯಾ ಅಂತ.

ತಲೆನೋವು. ಇವತ್ತು ಇಷ್ಟು ಸಾಕು.

3 ಮಾರ್ಚ್, ಸೋಮವಾರ

ಬರೆಯಲು ಆಗಿರಲಿಲ್ಲ. ನಲವತ್ತೂ ಹೋದವು. ಒಂದೂ ವಾಪಸ್ ಬಂದಿಲ್ಲ.

ಹನ್ನೆರಡನೇ ತಾರೀಖಿಗೆ ಮೇಡಂ ವಿಡಿಯೋ ಮಾಡಲು ಬರುತ್ತಾಳಂತೆ. ಕ್ಯಾಮೆರಾದವರು ಇಬ್ಬರು. ‘ರೇವತಿಯ ಕೈಗಳು’ — ಅದೇ ವಿಡಿಯೋದ ಹೆಸರು. ಆ ಹಳೆಯ ಅಂಗಿಯನ್ನೂ ತೋರಿಸಬೇಕು, ಆಮೇಲೆ ನಾನು ಕ್ಯಾಮೆರಾ ಮುಂದೆ ಬಟ್ಟೆ ಹರಿಯಬೇಕು. “ಆ ಸದ್ದು ನಂಗೆ ಬೇಕು” ಅಂದಳು. ಸದ್ದನ್ನೂ ಮಾರುತ್ತಾಳೆ.

ಬಾಗಿಲು ಹಾಕಿಕೊಂಡು ಹಳೆ ಚಾದರಿನ ಮೇಲೆ ಪ್ರಯತ್ನ ಮಾಡಿದೆ. ಎಳೆ ನಡುವೆ ತುಂಡಾಯಿತು. ಹರಿದೆ — ಒಂದು ಗೇಣು, ನಿಂತಿತು. ಮತ್ತೆ ಒಂದು ಗೇಣು. ಮೂರನೇ ಸಲ ಓರೆಯಾಗಿ ಮೂಲೆಗೆ ಹೋಯಿತು. ಎರಡನೇ ಚಾದರೂ ಹಾಗೇ. ಮನೆಯಲ್ಲಿ ಚಾದರು ಮುಗಿಯುತ್ತಾ ಬಂದಿವೆ.

8 ಮಾರ್ಚ್, ಶನಿವಾರ

ಮಹಿಳಾ ದಿನ. ಬೂದು ಮೇಡಂ ಬೂದು ಬಣ್ಣದ ಶುಭಾಶಯ ಕಳಿಸಿದ್ದಾಳೆ.

ಗುಲ್ನಾಜ್ ಬಂದು ಅತ್ತೆಯ ಹತ್ತಿರ ಕೂತಿದ್ದಳು. ಹೊಲಿಗೆ ಡಬ್ಬಿಯಲ್ಲಿ ಬರೆದು ಕೆಟ್ಟಿದ್ದ ಪಟ್ಟಿಯೊಂದು ಉಳಿದಿತ್ತು. ಕೈಗೆ ತೆಗೆದುಕೊಂಡಳು. ನಾನು ಮಷಿನ್ ಮೇಲೆ. ಕಾಲು ನಿಂತೇ ಹೋಯಿತು.

“ರೇವತಿ ಅಂತ ಬರದೈತಿ ನೋಡ್ರಿ ಅಮ್ಮಾ. ಮಸ್ತ್ ಕಾಣ್ತೈತಿ. ಎಲ್ಲಾದಕ್ಕೂ ಹಿಂಗ ಹಾಕ್ಯಾರೇನ್ರಿ?”

ಮುದುಕಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು. ಗಂಟು ಹಾಕಿದಳು.

“ಹೆಸರಾ?” ಅಂದಳು. “ಒಗಿಯೋದು ಹ್ಯಾಂಗಂತ ಅಲ್ಲೇನು?”

ಗುಲ್ನಾಜ್ ನಕ್ಕಳು. “ಇಲ್ರಿ, ಬರೇ ಹೆಸರೈತಿ.”

“ಹಂಗಾ” ಅಂದಳು ಮುದುಕಿ. ನನ್ನ ಕಡೆ ನೋಡಲಿಲ್ಲ. ಒಂದೇ ಸಲ ನೋಡಿದ್ದರೂ ನಾನು ಜಗಳ ತೆಗೆಯುತ್ತಿದ್ದೆ.

9 ಮಾರ್ಚ್, ಭಾನುವಾರ

ದೇವಿಂದ್ರ ನಾರಾಯಣಪುರದಿಂದ ಬಂದಿದ್ದ. ಡ್ಯಾಂ ಆಫೀಸಿನಲ್ಲಿ ವಾರವಿಡೀ ನೀರು ಎಣಿಸುತ್ತಾನೆ, ಭಾನುವಾರ ಮನೆಗೆ ಬಂದು ಮಲಗುತ್ತಾನೆ. ಹೇಳಿದೆ. “ಹೆಸರು ಯಾರದಾದ್ರೇನು, ಮನ್ಯಾಗ ಐತೆಲ್ಲ” ಅಂದು ಮಗ್ಗುಲು ಬದಲಿಸಿದ. ಅವನ ಹೆಸರು ರೇಷನ್ ಕಾರ್ಡಿನಲ್ಲಿದೆ, ಮನೆ ಪತ್ರದಲ್ಲಿದೆ, ಬಾಗಿಲಿನ ಮೇಲಿದೆ. ಅವನಿಗೇನು ಗೊತ್ತು.

ಮುದುಕಿ ರೊಟ್ಟಿ ಬಡಿದಳು, ಬಡಿಸಿದಳು. ನನಗೆ ಎಂದಿನ ಹಾಗೆ ಎರಡು.

ಖಾಲಿ ಪಟ್ಟಿ ಒಂದು ಕಾಣುತ್ತಿಲ್ಲ. ಅಳಿಸದ ಶಾಯಿಯ ಪೆನ್ನೂ ಇಲ್ಲ. ಮಕ್ಕಳ ಯೂನಿಫಾರಂಗೆ ಅಂತ ಗುಲ್ನಾಜ್ ಒಯ್ದಿರಬೇಕು. ಎಲ್ಲರೂ ಕಳ್ಳರೇ.

11 ಮಾರ್ಚ್, ಮಂಗಳವಾರ

ಕೊನೆಗೆ ಕೇಳಿದೆ. ಹೊಸಿಲಲ್ಲಿ ಕೂತಿದ್ದಳು, ಮಾವನ ಅಂಗಿ ತೊಡೆಯ ಮೇಲಿತ್ತು. ಏನೋ ಹೊಲಿಯುತ್ತಿದ್ದವಳು ನಾನು ಬಂದದ್ದು ನೋಡಿ ಮಡಚಿದಳು. ಬೀಡಿಯ ತೂತಿಗೆ ತೇಪೆ ಹಾಕುತ್ತಿರಬೇಕು.

“ಅತ್ತಿ, ನಾಳಿಗಿ ಅವರು ಬರ್ತಾರ. ನಂಗ ಹರಿಯೋದು ಕಲಿಸ್ರಿ.”

“ಯಾಕವಾ? ನಲವತ್ತು ಅಂಗಿ ಹರದಾಕಿ ನೀನ. ಬರದೈತೆಲ್ಲ.”

ಅಷ್ಟೇ. ದನಿ ಏರಿಸಲಿಲ್ಲ. ಹದಿನಾರು ವರ್ಷ ನಾನು ಇವಳನ್ನು ಕೀಳಾಗಿ ಕಂಡಿದ್ದೆಲ್ಲವನ್ನೂ ಒಂದೇ ಮಾತಿನಲ್ಲಿ ವಾಪಸ್ ಕೊಟ್ಟಳು. ನಾನು ಬೂದು ಮೇಡಂನ ನೋಡಿ ನಗುತ್ತೇನೆ. ಅವಳು ಬೇರೆಯವರ ಕೈ ಮಾರುತ್ತಾಳೆ, ಆದರೆ ಹೆಸರು ಹೇಳಿ ಮಾರುತ್ತಾಳೆ. ನಾನು ಅಷ್ಟೂ ಮಾಡಲಿಲ್ಲ. ನಾಚಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

12 ಮಾರ್ಚ್, ಬುಧವಾರ. ಮಧ್ಯಾಹ್ನ 12.40

ಅಡಿಗೆಮನೆಯಲ್ಲಿದ್ದೇನೆ. ನೀರು ತರುತ್ತೇನೆ ಅಂತ ಎದ್ದು ಬಂದೆ.

ಹೊರಗಿನ ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ಚಾಪೆ, ಬಟ್ಟೆ, ಎಲ್ಲ ತಯಾರು. ಅತ್ತೆಯನ್ನು ಹಿಂದೆ ಗೋಡೆಗೆ ಕೂರಿಸಿದ್ದಾರೆ, ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಾಳಂತೆ. ಮೊದಲು ಅಂಗಿ ಅಂದಳು ಮೇಡಂ. ಮೊಳೆಯಿಂದ ಇಳಿಸಿ ಕ್ಯಾಮೆರಾಕ್ಕೆ ಹಿಡಿದಳು, ತೋಳು ತೋರಿಸಿದಳು, ಕಂಕುಳು ತೋರಿಸಿದಳು. ಕೊರಳು ತಿರುವಿದಳು.

ಬಿಳಿ ಪಟ್ಟಿ. ಇರುವೆ ಸಾಲಿನ ಹೊಲಿಗೆ, ಮೂಲೆಗೆ ಎರಡೆರಡು ಸಲ. ಅಕ್ಷರ ಗುಲ್ನಾಜ್‌ದು.

ಮೇಡಂ ಕೂಡಿಸಿ ಕೂಡಿಸಿ ಓದಿದಳು. “ಲಾ… ಲ… ಮ್ಮ. ರೇವತಿ, ಲಾಲಮ್ಮ ಯಾರು?”

ಅತ್ತೆ ತಲೆ ತಗ್ಗಿಸಿಯೇ ಇದ್ದಳು. ನನ್ನನ್ನು ಬಚಾವ್ ಮಾಡಲಿಲ್ಲ, ಸಿಕ್ಕಿಸಲೂ ಇಲ್ಲ. ನಾನು ನೀರು ಅಂದೆ, ಎದ್ದೆ.

ಕರೆಯುತ್ತಿದ್ದಾಳೆ. ಬಂದೆ ಮೇಡಂ ಅಂದೆ. ಹೋಗಬೇಕು. ಹೋಗಿ ಎಲ್ಲರ ಮುಂದೆ ಹೇಳಬೇಕು — ಆ ಅಂಗಿ ಅವಳದು, ಆ ನಲವತ್ತೂ ಅವಳು ಹರಿದದ್ದು, ನಾನು ಬರೀ…

ಮತ್ತೆ ಕೇಳುತ್ತಿದ್ದಾಳೆ, ಯಾರು ಲಾಲಮ್ಮ ಅಂತ. ನನ್ನನ್ನಲ್ಲ. ಕೋಣೆಯಲ್ಲಿರುವವರನ್ನು.

ಪರ್ರ್ —

ಒಂದೇ ಉಸಿರಿಗೆ. ಎಲ್ಲೂ ನಿಲ್ಲದೆ. ನಾನು ಇನ್ನೂ ಇಲ್ಲೇ ಇದ್ದೇನೆ, ಕೈಯಲ್ಲಿ ಪೆನ್ನು, ಮತ್ತು ಹೊರಗೆ ಅತ್ತೆ ಬಟ್ಟೆ ಹರಿದೇ ಉತ್ತರ ಕೊಟ್ಟಿದ್ದಾಳೆ.